ಸಗಣಿಹುಳದ ಕೆಲಸ

ಬನ್ನಿ, ಹತ್ತಿರ ಕೂತ್ಕೊಳ್ಳಿ. ಇವತ್ತು ಹೇಳೋದು ಸಗಣಿಹುಳದ ಕಥೆ. ಮೂಗು ಮುರೀಬೇಡಿ. ಬೆಳಿಗ್ಗೆ ನೀವು ಕುಡಿದ ಹಾಲಿನಲ್ಲಿ ಅದರ ಋಣ ಇದೆ.

ಒಂದು ರಾಜ್ಯದಲ್ಲಿ ಬೊಮ್ಮರಸ ಅಂತ ಒಬ್ಬ ದೊರೆ ಇದ್ದ. ಅವನಿಗೊಂದು ದೊಡ್ಡ ಹುಲ್ಲುಗಾವಲು. ಅದರಲ್ಲಿ ಮುನ್ನೂರು ಹಸು. ಊರಿನ ಮಕ್ಕಳೆಲ್ಲ ಕುಡೀತಿದ್ದದ್ದು ಆ ಹಸುಗಳ ಹಾಲೇ. ಹಸು ಕಾಯೋಳು ಈರಕ್ಕ. ಹುಟ್ಟಿದ್ದೂ ಅಲ್ಲೇ, ಮುದುಕಿಯಾದದ್ದೂ ಅಲ್ಲೇ. ಒಂದೊಂದು ಹಸುವನ್ನೂ ಹೆಸರು ಹಿಡಿದು ಕರೀತಿದ್ದಳು. ಅವಳ ಮೇಲೆ ಒಬ್ಬ ಅಧಿಕಾರಿ, ನಾಗರಸಯ್ಯ ಅಂತ. ಬಿಳಿ ಅಂಗಿ, ಬಿಳಿ ಪಂಚೆ. ಹುಲ್ಲಿನ ಮೇಲೆ ಕಾಲಿಡೋಕೂ ಅವನಿಗೆ ಹೇಸಿಗೆ.

ಒಂದು ಸಲ ದೊರೆಯ ಬೀಗರು ಹುಲ್ಲುಗಾವಲು ನೋಡೋಕೆ ಬರೋರಿದ್ದರು. ನಾಗರಸಯ್ಯ ಮುಂಚೆಯೇ ಬಂದು ನೋಡ್ತಾನೆ, ಎಲ್ಲೆಲ್ಲೂ ಕಪ್ಪು ಹುಳ. ಸಗಣಿ ಉಂಡೆ ಕಟ್ಟಿ, ತಲೆ ಕೆಳಗೆ ಮಾಡಿ, ಹಿಂಗಾಲಲ್ಲಿ ಉರುಳಿಸಿಕೊಂಡು ಹೋಗ್ತಿವೆ.

"ಥೂ, ಬೀಗರ ಮುಂದೆ ಮಾನ ಹೋಗುತ್ತೆ. ಎಲ್ಲವನ್ನೂ ಬುಟ್ಟಿಗೆ ತುಂಬಿ ಹೊಳೆಯಾಚೆ ಸುರೀರಿ" ಅಂದ ಆಳುಗಳಿಗೆ.

ಒಂದು ಹಿರಿಯ ಹುಳ ಹೇಳಿತು: "ಸ್ವಾಮಿ, ನಾವು ಸಗಣೀನ ಮಣ್ಣಿಗೆ ಇಳಿಸ್ತೀವಿ. ನಾವು ಕೊರೆದ ತೂತಲ್ಲಿ ಮಳೆನೀರು ಇಳಿಯುತ್ತೆ. ನೊಣಗಳು ಮೊಟ್ಟೆ ಇಡೋಕೆ ಜಾಗ ಸಿಗದ ಹಾಗೆ ನೋಡ್ಕೋತೀವಿ."

"ಅದೂ ಒಂದು ಕೆಲಸವೇ? ನಾನೇ ಮಾಡಿಸ್ತೀನಿ, ನಡೀರಿ" ಅಂದ ನಾಗರಸಯ್ಯ. ದೊರೆಯ ಮುಂದೆಯೂ ಇದನ್ನೇ ಹೇಳಿ ಭೇಷ್ ಅನ್ನಿಸಿಕೊಂಡ. ಬೀಗರು ಬಂದರು, ಉಂಡರು, ಹೋದರು. ನಾಗರಸಯ್ಯ ತನ್ನ ಮಾತನ್ನೇ ಮರೆತ.

ಒಂದು ತಿಂಗಳಾಯ್ತು. ಸಗಣಿ ಬಿದ್ದಲ್ಲೇ ಒಣಗಿ ರೊಟ್ಟಿಯ ಹಾಗಾಯ್ತು, ಅದರಡಿ ಹುಲ್ಲು ಸತ್ತಿತು. ಎರಡು ತಿಂಗಳಾಯ್ತು. ನೊಣ ಮುತ್ತಿದವು, ಹಸುಗಳಿಗೆ ಮೇಯೋದು ಬಿಟ್ಟು ಬಾಲ ಬೀಸೋದೇ ಕೆಲಸವಾಯ್ತು. ಮೂರು ತಿಂಗಳಾಯ್ತು. ಮಳೆ ಬಂತು, ನೀರು ನೆಲಕ್ಕೆ ಇಳಿಯದೆ ಹರಿದುಹೋಯ್ತು. ಹಸುಗಳ ಕೆಚ್ಚಲು ಬತ್ತಿತು. ಊರಿನ ಮಕ್ಕಳು ಹಾಲಿಲ್ಲದೆ ಅತ್ತವು.

ದೊರೆ ಕರೆಸಿ ಕೇಳಿದ. ನಾಗರಸಯ್ಯನಿಗೆ ನಾಚಿಕೆಯಾದರೂ ಬೇಡವೇ? "ಮಹಾಸ್ವಾಮಿ, ಈರಕ್ಕನಿಗೆ ವಯಸ್ಸಾಯ್ತು. ಸರಿಯಾಗಿ ಮೇಯಿಸಲ್ಲ. ಅವಳನ್ನು ಇಲ್ಲಿಂದ ಓಡಿಸಿ" ಅಂದುಬಿಟ್ಟ.

ಈರಕ್ಕನೂ ಅಲ್ಲೇ ನಿಂತಿದ್ದಳು. ಆ ಹಸುಗಳನ್ನು ಬಿಟ್ಟು ಅವಳಿಗೆ ಯಾರಿದ್ದಾರೆ ಹೇಳಿ. ಸೆರಗಲ್ಲಿ ಕಣ್ಣೊರೆಸಿಕೊಂಡು ಕೇಳಿದಳು:

"ಹೋಗ್ತೀನಿ ಬುದ್ಧಿ. ಆದರೆ ಹುಳದ ಕೆಲಸ ನಾನೇ ಮಾಡಿಸ್ತೀನಿ ಅಂತ ಇವರು ಹೇಳಿದ್ದರಲ್ಲ. ಒಂದೇ ಒಂದು ಹಸು, ಒಂದೇ ಒಂದು ದಿನ, ಇವರೇ ಮಾಡಿ ತೋರಿಸಲಿ. ಸಗಣಿ ಮಣ್ಣೊಳಗೆ ಹೋಗಬೇಕು, ಹುಲ್ಲಿನ ಬೇರು ಅಲುಗಬಾರದು. ಮಾಡಿದರೆ ನಾನು ಇಲ್ಲಿ ನೀರೂ ಕುಡಿಯಲ್ಲ, ಹೊರಡ್ತೀನಿ."

"ಇಷ್ಟೇ ತಾನೇ?" ಅಂದ ನಾಗರಸಯ್ಯ. ಅಲ್ಲೇ ಸಿಕ್ಕಿಬಿದ್ದ.

ಮಾರನೇ ಬೆಳಿಗ್ಗೆ ಈರಕ್ಕ ಆರಿಸಿ ಆರಿಸಿ ಕೆಂದಿ ಅನ್ನೋ ಹಸುವನ್ನು ಬಿಟ್ಟಳು. ಹೊಟ್ಟೆಬಾಕ ಹಸು ಅದು. ಕೆಂದಿ ಮೊದಲ ಸಲ ಸಗಣಿ ಹಾಕಿತು. ನಾಗರಸಯ್ಯ ಗುದ್ದಲಿ ಹಾಕಿದ, ಹುಲ್ಲು ಬೇರು ಸಮೇತ ಎದ್ದು ಬಂತು. ಎರಡನೇ ಸಲ ಹಾಕಿತು. ಮೆಲ್ಲಗೆ ಕೋಲಿನಿಂದ ಚುಚ್ಚಿದ, ನೆಲ ಕಲ್ಲಾಗಿತ್ತು, ಕೋಲು ಮುರೀತು. ಮೂರನೇ ಸಲ ಹಾಕಿತು. ಮಂಡಿಯೂರಿ ಕೈಯಲ್ಲೇ ಕೆದರಿದ, ಉಗುರು ಕಿತ್ತುಬಂತು, ಮುಖದ ತುಂಬ ನೊಣ ಕೂತವು. ಅಷ್ಟರಲ್ಲಿ ಕೆಂದಿ ನಾಲ್ಕನೇದನ್ನೂ ಹಾಕಿತು. ಎಲ್ಲಿ ಹಾಕಿತು ಅಂತ ನಾನು ಹೇಳಲ್ಲ, ನೀವಾಗಲೇ ನಗ್ತಿದ್ದೀರಲ್ಲ.

ಇನ್ನೂ ಮಧ್ಯಾಹ್ನ ಆಗಿರಲಿಲ್ಲ. ನಾಗರಸಯ್ಯ ದೊರೆಯ ಕಾಲಿಗೆ ಬಿದ್ದ. "ನನ್ನ ಕೈಲಾಗಲ್ಲ ಸ್ವಾಮಿ. ಹುಳ ಓಡಿಸಿ ಹುಲ್ಲುಗಾವಲು ಕೆಡಿಸಿದ್ದು ನಾನೇ. ಈರಕ್ಕನ ತಪ್ಪು ಏನೂ ಇಲ್ಲ."

"ಇಷ್ಟಕ್ಕೇ ಸುಸ್ತಾದರೆ ಹೇಗಯ್ಯ? ಇನ್ನೂ ಇನ್ನೂರ ತೊಂಬತ್ತೊಂಬತ್ತು ಹಸು ಇವೆ" ಅಂದ ದೊರೆ. "ಹೊಳೆಯಾಚೆ ಹೋಗು. ಒಂದೊಂದು ಹುಳವನ್ನೂ ಕೈಯಾರೆ ಎತ್ತಿಕೊಂಡು ಬಾ. ಇವತ್ತಿನಿಂದ ನೀನು ಈರಕ್ಕನ ಕೈಕೆಳಗಿನ ಆಳು."

ಬುಟ್ಟಿ ಬುಟ್ಟಿ ಹುಳ ಬಂದವು. ದೊರೆ ಹಿರಿಯ ಹುಳದ ಮುಂದೆ ಬಗ್ಗಿ ಕೈಮುಗಿದ. "ನನ್ನ ಊರಿನ ಮಕ್ಕಳಿಗೆ ಹಾಲು ಕೊಟ್ಟವರು ನೀವು. ಒಂದು ದಿನವೂ ನಿಮ್ಮನ್ನು ನೆನೆಯಲಿಲ್ಲ, ಕ್ಷಮಿಸಿ. ಏನು ಬೇಕೋ ಕೇಳಿ, ಕೊಡ್ತೀನಿ."

"ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ದೊರೆ" ಅಂತು ಹುಳ. "ನಮ್ಮ ದಾರಿಗೆ ಅಡ್ಡ ನಿಂತಿದ್ದೀರಿ. ಕೆಲಸ ಬೇಕಾದಷ್ಟಿದೆ."

ದೊರೆ ಪಕ್ಕಕ್ಕೆ ಸರಿದ. ಮುಂದಿನ ಮಳೆಗೆ ನೀರು ನೆಲಕ್ಕಿಳೀತು, ಹುಲ್ಲು ಮೊಣಕಾಲುದ್ದ ಬಂತು, ಹಾಲು ಊರಿಗೆ ಬಂತು. ಈರಕ್ಕ ಮೊದಲ ಹಾಲು ಕರೆದಾಗ ಒಂದು ಗುಟುಕು ಮಣ್ಣಿಗೆ ಬಿಟ್ಟು, "ನಿಮ್ಮ ಹೊಟ್ಟೆ ತಣ್ಣಗಿರಲಿ" ಅಂದಳಂತೆ.

ಇದರ ನೀತಿ ಇಷ್ಟು, ಮಕ್ಕಳೇ. ಭೂಮಿ ಮೇಲೆ ಕೆಲಸವಿಲ್ಲದ ಜೀವ ಒಂದೂ ಇಲ್ಲ. ಒಂದನ್ನು ಓಡಿಸಿದರೆ ಅದರ ಕೆಲಸ ನಮ್ಮ ತಲೆ ಮೇಲೆ ಬೀಳುತ್ತೆ, ಅದು ನಮ್ಮ ಕೈಲಾಗಲ್ಲ. ಅದಕ್ಕೇ ಹುಳ ಕಂಡಾಗ ಕೈಮುಗೀರಿ. ಅಷ್ಟಾಗದಿದ್ದರೆ, ದಾರಿಯಾದರೂ ಬಿಡಿ.