ಕೈಗಣಕದಲ್ಲಿ ಗುರುಗಳ ದನಿ

ಹೊಳೆಯ ದಡದ ಒಂದು ಆಶ್ರಮದಲ್ಲಿ ಮಾತು ಕಳೆದುಕೊಂಡ ಗುರುಗಳೊಬ್ಬರಿದ್ದರು. ಕಲ್ಲಿನಾಥರೆಂದು ಅವರ ಹೆಸರು.

ಗಂಟಲಿನ ಕಾಯಿಲೆಯಿಂದ ಅವರ ಧ್ವನಿಪೆಟ್ಟಿಗೆಯನ್ನು ವೈದ್ಯರು ತೆಗೆಯಬೇಕಾಗಿ ಬಂತು. ಅದಕ್ಕೆ ಮೊದಲೇ ಶಿಷ್ಯರು ಪಟ್ಟಣದಿಂದ ಒಬ್ಬ ತಂತ್ರಜ್ಞನನ್ನು ಕರೆಸಿದರು. ಅವನು ಕೈಗಣಕವೆಂಬ, ಅಂಗೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರನ್ನು ಗುರುಗಳ ಮುಂದಿಟ್ಟು, ನೂರಾರು ವಾಕ್ಯಗಳನ್ನು ಓದಿಸಿದ. ಯಂತ್ರ ಅವರ ದನಿಯನ್ನು ಕಲಿಯಿತು.

ದನಿ ಹೋದ ಮೇಲೆ ಗುರುಗಳು ಅದರ ಮೇಲೆ ಬೆರಳಿನಿಂದ ಬರೆಯುವರು. ಕೈಗಣಕ ಅದನ್ನು ಅವರ ದನಿಯಲ್ಲೇ ನುಡಿಯುವುದು.

ಆ ಆಶ್ರಮದಲ್ಲಿ ಪಾಠದ ಕ್ರಮ ಒಂದೇ. ಬೆಳಿಗ್ಗೆ ಗುರುಗಳು ಒಂದು ಸಾಲು ಹೇಳುತ್ತಾರೆ. ಶಿಷ್ಯರು ಹಿಂದೆ ಹೇಳುತ್ತಾರೆ. ಗುರುಗಳು ಎಲ್ಲಿ ಉಸಿರು ತೆಗೆದರೋ ಅಲ್ಲೇ ಶಿಷ್ಯರೂ ಉಸಿರು ತೆಗೆಯಬೇಕು. ಪುಸ್ತಕವಿಲ್ಲ, ಪ್ರಶ್ನೆಯಿಲ್ಲ.

ಹಿರಿಯ ಶಿಷ್ಯ ಶಂಭುಲಿಂಗ ಎಲ್ಲರಿಗಿಂತ ಗಟ್ಟಿಯಾಗಿ ಹಿಂದೆ ಹೇಳುತ್ತಿದ್ದ. ಮಿಕ್ಕವರು ಅವನ ದನಿ ಹಿಡಿದು ಸಾಗುತ್ತಿದ್ದರು. ಕೈಗಣಕದ ಆರೈಕೆಯೂ ಅವನದೇ.

ಒಂದು ದಿನ ಪಾಠದ ನಡುವೆ ಕೈಗಣಕ ಗುರುಗಳ ಗಂಭೀರ ದನಿಯಲ್ಲಿ ನುಡಿಯಿತು: “ಬ್ಯಾಟರಿ ಮುಗಿಯುತ್ತಿದೆ. ಚಾರ್ಜರ್ ಜೋಡಿಸಿ.”

ಶಂಭುಲಿಂಗ ಕಣ್ಣು ಮುಚ್ಚಿ, ಕೈಮುಗಿದು ಹೇಳಿದ: “ಬ್ಯಾಟರಿ ಮುಗಿಯುತ್ತಿದೆ. ಚಾರ್ಜರ್ ಜೋಡಿಸಿ.”

ಶಿಷ್ಯರೆಲ್ಲ ಒಂದೇ ಕೊರಳಿನಲ್ಲಿ ಅದನ್ನು ಹೇಳಿದರು.

ಗುರುಗಳು ನಕ್ಕರು. ಸದ್ದಿಲ್ಲದ ನಗು. ಭುಜಗಳಷ್ಟೇ ಕುಣಿದವು. ಆಮೇಲೆ ತುಸು ಹೊತ್ತು ಅವರು ಶಂಭುಲಿಂಗನನ್ನೇ ನೋಡಿದರು. ಆಗ ನಗುತ್ತಿರಲಿಲ್ಲ.

*

ವರ್ಷಗಳು ಕಳೆದಂತೆ ಕೈಗಣಕ ನಿಧಾನವಾಯಿತು. ವಾಕ್ಯದ ನಡುವೆ ತಡೆದು ನಿಲ್ಲುತ್ತಿತ್ತು. ಅದನ್ನು ಒಳಗಿನಿಂದ ನಡೆಸುವ ಆಪರೇಟಿಂಗ್ ಸಿಸ್ಟಂ ಹಳತಾಗಿತ್ತು. ಇನ್ನು ಮುಂದೆ ಅದನ್ನು ಸರಿಪಡಿಸುವುದಿಲ್ಲವೆಂದು ತಯಾರಕರು ತಿಳಿಸಿದ್ದರು.

ಶಂಭುಲಿಂಗ ಗುರುಗಳ ಬಳಿ ಬಂದ.

“ಗುರುಗಳೇ, ಕೈಗಣಕಕ್ಕೆ ಬೇರೆ ವ್ಯವಸ್ಥೆ ಹಾಕಬೇಕು. ಎರಡಿವೆ. ಒಂದು ದೊಡ್ಡ ಕಂಪನಿಯದು. ನೋಡಲು ಚೆಂದ, ಬಳಸಲು ಸುಲಭ. ಆದರೆ ನಾವು ಆಡಿದ್ದೆಲ್ಲ ಅವರ ಕಿವಿಗೂ ಬೀಳುತ್ತದೆ. ಬೇಡವೆನಿಸಿದ ದಿನ ಅವರು ಅದನ್ನು ನಿಲ್ಲಿಸಿಯೂ ಬಿಡುತ್ತಾರೆ.”

“ಇನ್ನೊಂದು?” ಎಂದಿತು ಗುರುಗಳ ದನಿ.

“ಲೋಕದ ನಾನಾ ಕಡೆಯ ಜನ ಪುಕ್ಕಟೆ ಕೂಡಿ ಕಟ್ಟಿದ್ದು. ಅದಕ್ಕೆ ಒಡೆಯರಿಲ್ಲ. ಕಲಿಯುವುದು ಕಷ್ಟ. ಆದರೆ ಅದನ್ನು ಯಾರೂ ನಿಲ್ಲಿಸಲಾರರು. ಯಾವುದನ್ನು ಹಾಕಲಿ?”

“ಈಗಿರುವುದು ತಡೆದು ತಡೆದು ಮಾತಾಡುತ್ತದೆ. ನಾನೂ ಮುದುಕ. ಹೊಂದಿಕೊಂಡಿದ್ದೇವೆ.”

“ಅದು ಒಂದು ದಿನ ಪೂರ್ತಿ ನಿಂತುಬಿಟ್ಟರೆ?”

“ನಾನೂ ನಿಲ್ಲುತ್ತೇನೆ.”

“ಹಾಗೆನ್ನಬೇಡಿ ಗುರುಗಳೇ!”

ಗುರುಗಳು ಕೈಗಣಕವನ್ನು ಪಕ್ಕಕ್ಕಿಟ್ಟರು.

ಶಂಭುಲಿಂಗನಿಗೆ ನಿದ್ದೆ ಹತ್ತದಾಯಿತು. ಊಟದ ಪಂಕ್ತಿಯಲ್ಲೂ ಅವನದು ಅದೇ ಮಾತು. ಇದರ ಗುಣ, ಅದರ ದೋಷ. ಕೇಳುವವರು ಎದ್ದು ಕೈತೊಳೆಯಲು ಹೋದರೂ ಹೇಳುತ್ತಿದ್ದ.

ಅಡುಗೆಮನೆ ನೋಡಿಕೊಳ್ಳುತ್ತಿದ್ದ ದಾಕ್ಷಾಯಣಮ್ಮ ಒಂದು ದಿನ ಸೌಟು ಹಿಡಿದೇ ಹೇಳಿದರು: “ಏನಪ್ಪಾ ಶಂಭುಲಿಂಗ, ಹೆಣ್ಣು ನೋಡೋಕೆ ಹೋದವನು ಅವರ ಮನೆ ಹಂಚು ಎಣಿಸಿಕೊಂಡು ಬಂದ ಹಾಗಾಯ್ತಲ್ಲ ನಿನ್ನದು.”

“ನಿಮಗೆ ಇದೆಲ್ಲ ತಿಳಿಯೋದಿಲ್ಲ ದಾಕ್ಷಾಯಣಮ್ಮ. ಗುರುಗಳ ದನಿಯ ವಿಷಯ ಇದು.”

“ಗುರುಗಳನ್ನು ಕೇಳಿದೆಯಾ?”

“ಕೇಳಿದೆ. ಅವರು ಉತ್ತರ ಕೊಡಲಿಲ್ಲ.”

“ಕೊಟ್ಟಿರ್ತಾರೆ. ನಿನಗೆ ಬೇಕಾದ್ದು ಕೊಟ್ಟಿರೋದಿಲ್ಲ.”

*

ಒಂದು ಮಧ್ಯಾಹ್ನ ಗುರುಗಳು ಊಟ ಮುಗಿಸಿ ಮಲಗಿದ್ದರು. ಶಂಭುಲಿಂಗ ಕೈಗಣಕವನ್ನು ಮೆಲ್ಲನೆ ಎತ್ತಿಕೊಂಡು ಹೊಳೆಯ ಮೆಟ್ಟಿಲಿಗೆ ಹೋದ.

ಅವನು ಅವಸರದವನಲ್ಲ. ಒಳಗಿದ್ದುದನ್ನೆಲ್ಲ ಮೊದಲು ಬೇರೆಡೆ ನಕಲು ಮಾಡಿಟ್ಟ. ಪರಂಪರೆಯ ಸಾಲುಗಳು, ಬರೆದಿಟ್ಟ ಪ್ರವಚನಗಳು, ಆಶ್ರಮದ ಚಿತ್ರಗಳು. ಎಲ್ಲವೂ ಬಂದಿವೆಯೇ ಎಂದು ತೆರೆದು ನೋಡಿದ. ಬಂದಿದ್ದವು.

ಆಮೇಲೆ ಒಡೆಯರಿಲ್ಲದ ಆ ವ್ಯವಸ್ಥೆಯನ್ನು ಹಾಕಲು ತೊಡಗಿದ.

ಪರದೆ ಕೇಳಿತು: “ಹಳೆಯದೆಲ್ಲವೂ ಅಳಿಸಿಹೋಗುತ್ತದೆ. ಮುಂದುವರಿಯಲೇ?”

“ಮುಂದುವರಿ” ಎಂದು ಒತ್ತಿದ.

ಗುರುಗಳು ಏಳುವಷ್ಟರಲ್ಲಿ ಕೈಗಣಕ ಅವರ ತಲೆದಿಂಬಿನ ಪಕ್ಕದಲ್ಲಿತ್ತು. ಶಂಭುಲಿಂಗ ಬಾಗಿಲಲ್ಲಿ ನಿಂತಿದ್ದ. ಹಬ್ಬದ ದಿನ ಹೊಸ ಬಟ್ಟೆ ಉಟ್ಟವನಂತೆ ಅವನ ಮುಖ ಅರಳಿತ್ತು.

ಗುರುಗಳು ಬೆರಳಾಡಿಸಿದರು. ಯಂತ್ರ ತಡೆಯಲಿಲ್ಲ. ಒಂದು ಕ್ಷಣವೂ ತಡಮಾಡದೆ ನುಡಿಯಿತು:

“ಕಿಟಕಿ ತೆರೆ, ಶಂಭು. ಸೆಕೆಯಾಗುತ್ತಿದೆ.”

ಅದು ಹುಡುಗಿಯೊಬ್ಬಳ ದನಿ. ರೈಲು ನಿಲ್ದಾಣದಲ್ಲಿ ಗಾಡಿ ಬರುವ ಹೊತ್ತು ಹೇಳುವವಳ ದನಿ.

ಅಡುಗೆಮನೆಯಿಂದ ದಾಕ್ಷಾಯಣಮ್ಮ ಕೂಗಿದರು: “ಯಾರವ್ವ ಅದು ಗುರುಗಳ ಕೋಣೇಲಿ?”

ಶಂಭುಲಿಂಗ ಹಾಸಿಗೆಯ ಬಳಿಗೆ ಓಡಿಬಂದ. ಗುರುಗಳು ಕೈಗಣಕವನ್ನು ನೋಡಿದರು, ಶಿಷ್ಯನನ್ನು ನೋಡಿದರು. ಅವರ ಬೆರಳು ಗಾಳಿಯಲ್ಲೇ ನಿಂತಿತು.

“ಇರಿ ಗುರುಗಳೇ, ಏನೋ ತಪ್ಪಾಗಿದೆ. ಈಗ ಸರಿಮಾಡುತ್ತೇನೆ.”

ಅವನು ಹುಡುಕಿದ. ನಕಲು ಮಾಡಿದ್ದರಲ್ಲಿ ಹುಡುಕಿದ, ಯಂತ್ರದಲ್ಲಿ ಹುಡುಕಿದ. ಸಾಲುಗಳಿದ್ದವು, ಪ್ರವಚನಗಳಿದ್ದವು, ಚಿತ್ರಗಳಿದ್ದವು. ದನಿ ಇರಲಿಲ್ಲ.

ಓಡಿಹೋಗಿ ಪಟ್ಟಣದ ತಂತ್ರಜ್ಞನಿಗೆ ಫೋನು ಮಾಡಿದ.

“ಅದು ಬೇರೆ ಫೈಲ್ ಅಲ್ಲ ಸ್ವಾಮಿ,” ಎಂದ ತಂತ್ರಜ್ಞ. “ಆ ಸಿಸ್ಟಂ ಒಳಗೇ ಬೆಳೆದದ್ದು. ಸಿಸ್ಟಂ ತೆಗೆದರೆ ಅದೂ ಹೋಯ್ತು.”

“ನೀವು ಓದಿಸಿಕೊಂಡದ್ದು ನಿಮ್ಮ ಹತ್ತಿರ ಇಲ್ಲವೇ?”

“ಇಟ್ಟುಕೊಳ್ಳಬೇಡಿ ಅಂತ ಗುರುಗಳೇ ಹೇಳಿದ್ದರು.”

“ಈಗ ಏನೂ ಮಾಡಲಿಕ್ಕೆ ಆಗುವುದಿಲ್ಲವೇ?”

“ಯಾಕಾಗೋದಿಲ್ಲ? ಗುರುಗಳು ಇನ್ನೊಂದು ಸಲ ಓದಿಬಿಡಲಿ, ಮಾಡಿಕೊಡ್ತೀನಿ.”

ಗುರುಗಳಿಗೆ ಓದಲು ಧ್ವನಿಪೆಟ್ಟಿಗೆಯೇ ಇಲ್ಲವೆಂಬುದನ್ನು ಅವನು ಮರೆತಿದ್ದ. ಶಂಭುಲಿಂಗ ಫೋನು ಇಟ್ಟ.

*

ಸಂಜೆ ಅವನು ಗುರುಗಳ ಕಾಲಬಳಿ ಕುಸಿದ.

“ನಿಮ್ಮ ದನಿಯನ್ನು ವೈದ್ಯರು ಒಂದು ಸಲ ತೆಗೆದರು. ನಾನು ಎರಡನೆಯ ಸಲ ತೆಗೆದೆ. ನನ್ನನ್ನು ಶಪಿಸಿ ಗುರುಗಳೇ.”

“ಈ ಹುಡುಗಿಯ ಕೈಯಲ್ಲಿ ಶಾಪ ಹಾಕಿಸಿದರೆ ನಿನಗೆ ತಾಗುವುದಿಲ್ಲ,” ಎಂದಿತು ಕೈಗಣಕ.

ಶಂಭುಲಿಂಗ ಎರಡೂ ಕಿವಿ ಮುಚ್ಚಿಕೊಂಡ. ಗುರುಗಳು ಅವನ ಕೈಗಳನ್ನು ಹಿಡಿದು ಕೆಳಗಿಳಿಸಿದರು.

“ಒಂದು ಮಾತು ಕೇಳುತ್ತೇನೆ. ನಾನು ಹೊಂದಿಕೊಂಡಿದ್ದೇನೆ ಎಂದೆ. ಆದರೂ ಏಕೆ ಮಾಡಿದೆ?”

ಶಂಭುಲಿಂಗ ನೆಲ ನೋಡುತ್ತ ಹೇಳಿದ:

“ಇದನ್ನು ಯಾರೂ ನಿಲ್ಲಿಸಲಾರರು ಎಂಬ ಕಾರಣಕ್ಕೆ. ನೀವು ಒಂದು ದಿನ ಹೋಗುತ್ತೀರಿ. ಆಮೇಲೂ ನಿಮ್ಮ ದನಿ ಇರಲಿ ಎಂದು. ಸಾಲುಗಳೆಲ್ಲ ಒಳಗೇ ಇವೆ. ಬೆಳಿಗ್ಗೆ ಒತ್ತಿದರೆ ಸಾಕು, ಪಾಠ ನಡೆಯುತ್ತಿತ್ತು. ಎಂದೆಂದಿಗೂ.”

ಗುರುಗಳು ಬೆಚ್ಚಿದರು.

ಮಧ್ಯಾಹ್ನ ತಮ್ಮ ದನಿ ಹೋದಾಗಲೂ ಅವರು ಹೀಗೆ ಬೆಚ್ಚಿರಲಿಲ್ಲ. ಅವರ ಬಾಯಿ ಅರೆ ತೆರೆದು ಹಾಗೆಯೇ ಉಳಿಯಿತು. ಬರೆಯಲು ಹೋದ ಬೆರಳು ಎರಡು ಸಲ ತಪ್ಪಿತು.

“ನಾನು ಸತ್ತ ಮೇಲೂ?”

“ಹೌದು.”

“ಒತ್ತುವುದು ಯಾರು?”

“ನಾನು.”

“ಹೇಳುವುದು ಯಾರು?”

“ನೀವು.”

“ಹಿಂದೆ ಹೇಳುವುದು?”

“ನಾವೆಲ್ಲ.”

“ನೀನು ಮುದುಕನಾಗುತ್ತೀಯಲ್ಲ, ಆಗ?”

“ಆಗಲೂ ನೀವೇ ಹೇಳುತ್ತೀರಿ ಗುರುಗಳೇ.”

ಗುರುಗಳು ಕೈಗಣಕವನ್ನು ಬೋರಲು ಹಾಕಿ ಎದ್ದು ಹೊರಗೆ ಹೋದರು. ಶಂಭುಲಿಂಗ ಹಿಂದೆ ಹೋಗಲು ಎದ್ದ. ಅವರು ತಿರುಗಿ ನೋಡದೆಯೇ ಕೈಯೆತ್ತಿ ತಡೆದರು.

*

ಬೆಳಿಗ್ಗೆ ಶಿಷ್ಯರೆಲ್ಲ ಸಾಲಾಗಿ ಕುಳಿತಿದ್ದರು. ದನಿ ಹೋದ ಸುದ್ದಿ ಹಬ್ಬಿತ್ತು. ಯಾರೂ ಶಂಭುಲಿಂಗನ ಪಕ್ಕದಲ್ಲಿ ಕುಳಿತಿರಲಿಲ್ಲ.

ಗುರುಗಳು ಪೀಠದಲ್ಲಿ ಕುಳಿತು ಬರೆದರು. ಹುಡುಗಿಯ ದನಿ ಹೇಳಿತು:

“ಹೊಳೆಗೆ ಹೊಳೆಯೇ ದಾರಿ, ಕೇಳುವವರು ದಡದವರು.”

ಯಾರೂ ಹಿಂದೆ ಹೇಳಲಿಲ್ಲ.

ಅದು ಎಲ್ಲರಿಗೂ ಗೊತ್ತಿದ್ದ ಸಾಲು. ಎಷ್ಟೋ ಬೆಳಗು ಹೇಳಿದ ಸಾಲು. ಆದರೂ ಬಾಯಿಗಳು ಮುಚ್ಚಿಯೇ ಇದ್ದವು. ಒಬ್ಬರು ಇನ್ನೊಬ್ಬರ ಮುಖ ನೋಡಿದರು.

ಗುರುಗಳು ಅದನ್ನೇ ಇನ್ನೊಮ್ಮೆ ಹೇಳಿಸಿದರು. ಹೊಳೆಯ ಸದ್ದಷ್ಟೇ ಕೇಳಿತು.

ಆಗ ಗುರುಗಳು ಶಂಭುಲಿಂಗನತ್ತ ಬೆರಳು ತೋರಿದರು. ನೀನು ಹೇಳು ಎಂಬಂತೆ.

ಶಂಭುಲಿಂಗ ಎದ್ದು ನಿಂತ. ಬಾಯಿ ತೆರೆದ. ಸಾಲು ಬರಲಿಲ್ಲ. ಆ ಹುಡುಗಿ ಈಗಷ್ಟೇ ಹೇಳಿ ಮುಗಿಸಿದ್ದಾಳಲ್ಲವೇ? ಹೇಳಿದ್ದನ್ನು ಹೇಳಿದರಾಯಿತು. ಆದರೂ ಬರಲಿಲ್ಲ. ಅವನು ಎಂದೂ ಆ ಸಾಲನ್ನು ತಾನಾಗಿ ಹೇಳಿರಲೇ ಇಲ್ಲ. ಗುರುಗಳ ದನಿಯ ಬೆನ್ನು ಹಿಡಿದು ನಡೆದಿದ್ದ, ಅಷ್ಟೆ. ಈಗ ಮುಂದೆ ಬೆನ್ನು ಇರಲಿಲ್ಲ.

“ಗುರುಗಳೇ, ನನಗೆ...” ಎಂದ. ಅಷ್ಟಕ್ಕೇ ನಿಂತ.

ಗುರುಗಳು ಪೀಠದಿಂದ ಎದ್ದರು.

ಕೈಗಣಕವನ್ನು ಪೀಠದ ಮೇಲೆಯೇ ಬಿಟ್ಟು, ಕೆಳಗಿಳಿದು, ಶಿಷ್ಯರ ಸಾಲುಗಳ ನಡುವೆ ನಡೆದು ಬಂದರು. ಕೊನೆಯ ಸಾಲಿನಲ್ಲಿ ಚಾಪೆಯ ಅಂಚು ಖಾಲಿಯಿತ್ತು. ಅಲ್ಲಿ ಕುಳಿತರು. ಬೆನ್ನು ನೆಟ್ಟಗೆ ಮಾಡಿ, ಕೈಮುಗಿದು, ಮುಖವನ್ನು ಶಂಭುಲಿಂಗನತ್ತ ಎತ್ತಿದರು. ಹಿಂದೆ ಹೇಳಲು ಕಾಯುವ ಶಿಷ್ಯನಂತೆ.

ಶಿಷ್ಯರೆಲ್ಲ ದಿಗಿಲುಬಿದ್ದು ಎದ್ದು ಬದಿಗೆ ಸರಿದರು. ಗುರುಗಳು ಕೆಳಗೆ ಕುಳಿತಿರುವಾಗ ತಾವು ಎಲ್ಲಿ ಕುಳಿತುಕೊಳ್ಳಬೇಕು?

ಬಾಗಿಲಲ್ಲಿ ನಿಂತಿದ್ದ ದಾಕ್ಷಾಯಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಬೇಡ ಗುರುಗಳೇ,” ಎಂದ ಶಂಭುಲಿಂಗ. “ಎದ್ದೇಳಿ. ನಿಮ್ಮ ಕಾಲಿಗೆ ಬೀಳುತ್ತೇನೆ. ಅಲ್ಲಿ ಕೂರಬೇಡಿ.”

ಗುರುಗಳು ಏಳಲಿಲ್ಲ. ಕಾದರು.

ಶಂಭುಲಿಂಗ ಹೇಳತೊಡಗಿದ.

“ಹೊಳೆಗೆ...” ಎಂದು ಏದುಸಿರು ಬಿಟ್ಟ. “ಹೊಳೆಯೇ ದಾರಿ ಕೇಳುವವರು... ದಡದವರು.”

ಉಸಿರು ತೆಗೆಯಬಾರದ ಕಡೆಯೆಲ್ಲ ತೆಗೆದಿದ್ದ.

ಕೊನೆಯ ಸಾಲಿನಲ್ಲಿ ಗುರುಗಳ ತುಟಿ ಆಡಿತು. ಸದ್ದಿಲ್ಲ. ಆದರೆ ಪ್ರತಿ ಮಾತೂ ಕಾಣುತ್ತಿತ್ತು. ಅವರು “ಹೊಳೆಗೆ” ಎಂದು ನಿಂತರು, ಏದುಸಿರು ಬಿಟ್ಟರು, ಮುಂದೆ ಹೋದರು, ಮತ್ತೆ ತಪ್ಪಾದಲ್ಲೇ ನಿಂತರು. ಶಂಭುಲಿಂಗ ಹೇಗೆ ಹೇಳಿದ್ದನೋ ಹಾಗೆಯೇ. ಅವನ ತಪ್ಪು ಒಂದೂ ಬಿಡದಂತೆ, ಕೈಮುಗಿದು, ಶ್ರದ್ಧೆಯಿಂದ.

ಶಂಭುಲಿಂಗ ಅದನ್ನು ನೋಡಿದ. ತಾನು ತಪ್ಪಿದರೆ ಗುರುಗಳೂ ತಪ್ಪುತ್ತಾರೆ. ತಾನು ನಿಂತರೆ ಅವರೂ ನಿಲ್ಲುತ್ತಾರೆ. ಅವರ ಗುರುಗಳಿಂದ ಬಂದ ಸಾಲು, ಅವರ ಗುರುಗಳ ಗುರುಗಳಿಂದ ಬಂದ ಸಾಲು, ಈಗ ತನ್ನ ಬಾಯಿಯ ತುದಿಯಲ್ಲಿ ತೂಗುತ್ತಿತ್ತು.

ಅವನು ಮುಖ ಒರೆಸಿಕೊಂಡ. ಕಣ್ಣು ಮುಚ್ಚಲಿಲ್ಲ. ಇನ್ನೊಮ್ಮೆ ಹೇಳಿದ:

“ಹೊಳೆಗೆ ಹೊಳೆಯೇ ದಾರಿ,”

ಉಸಿರು ತೆಗೆದ.

“ಕೇಳುವವರು ದಡದವರು.”

ಗುರುಗಳ ತುಟಿ ಆಡಿತು. ಅವರ ಪಕ್ಕದವನು ಅವರನ್ನು ನೋಡಿ ದನಿಗೂಡಿಸಿದ. ಅವನ ಪಕ್ಕದವನೂ ಸೇರಿದ. ಕೊನೆಗೆ ಎಲ್ಲರೂ ಹೇಳಿದರು, ನಿಂತುಕೊಂಡೇ.

*

ಪಾಠ ಮುಗಿದ ಮೇಲೆ ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಶಂಭುಲಿಂಗ ಕೈಗಣಕವನ್ನು ಎರಡೂ ಕೈಯಲ್ಲಿ ಹಿಡಿದು ತಂದ.

“ಹೊಳೆಗೆ ಎಸೆದುಬಿಡಲೇ ಗುರುಗಳೇ?”

ಗುರುಗಳು ಅದನ್ನು ಕಿತ್ತುಕೊಂಡರು. “ಹೊಳೆ ನಿನಗೇನು ಮಾಡಿತ್ತು?” ಎಂದಿತು ಹುಡುಗಿಯ ದನಿ.

ಶಂಭುಲಿಂಗನಿಗೆ ಅಳುವಿನ ನಡುವೆಯೇ ನಗು ಬಂತು. ಅವನು ಒಂದು ಮೆಟ್ಟಿಲು ಕೆಳಗೆ ಕುಳಿತ.

“ಹಾಗಾದರೆ ಈಗಲಾದರೂ ಹೇಳಿ. ಇದು ಬೇಡವಾದರೆ ಆ ಕಂಪನಿಯದನ್ನು ಹಾಕುತ್ತೇನೆ. ಅದರಲ್ಲಿ ಗಂಡಸಿನ ದನಿಯಿದೆಯಂತೆ. ಸ್ವಲ್ಪ ನಿಮ್ಮದನ್ನೇ ಹೋಲುತ್ತದೆಯಂತೆ. ಇಲ್ಲವೇ ಹಳೆಯ ವ್ಯವಸ್ಥೆಯನ್ನೇ ಹುಡುಕಿ ತಂದು ಹಾಕಬಹುದು. ದನಿ ಬಾರದು, ಆದರೆ ನಿಮ್ಮ ಕೈಗೆ ಅಭ್ಯಾಸವಾದದ್ದು. ಅಥವಾ ಇದೇ ಇರಲಿ ಎಂದರೆ ಇದೇ. ಯಾವುದು ಗುರುಗಳೇ? ಈ ಸಲ ನೀವು ಹೇಳಿದ್ದನ್ನೇ ಮಾಡುತ್ತೇನೆ.”

ಗುರುಗಳು ನೀರಿನಿಂದ ಕಣ್ಣು ತೆಗೆದು ನಿಧಾನವಾಗಿ ಬೆರಳಾಡಿಸಿದರು. ರೈಲು ನಿಲ್ದಾಣದ ಹುಡುಗಿ ಸ್ಪಷ್ಟವಾಗಿ ನುಡಿದಳು:

“ಅದು ಹಾಗಿರಲಿ. ನಾಳೆ ನಮಗೆ ಯಾವ ಸಾಲು?”