ನಡುವೆ ನಿಲ್ಲದ ಮುಳ್ಳು

ದೇಜು ಪೂಜಾರಿಯವರ ಹಳೆಯ ಡೀಸೆಲ್ ಕಾರಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳೊಂದಿತ್ತು. ಬಿಸಿ ಹದವಾಗಿದ್ದರೆ ಅದು ನಡುವೆ ನಿಲ್ಲುತ್ತಿತ್ತು. ಈಚೆಗೆ ಅದು ಒಮ್ಮೆ ಮೇಲೇರುತ್ತಿತ್ತು, ಒಮ್ಮೆ ಕೆಳಗಿಳಿಯುತ್ತಿತ್ತು.

"ನಿನ್ನಿಂದ ನಮ್ಮೆಲ್ಲರ ಮಾನ ಹೋಗುತ್ತಿದೆ. ಸುಮ್ಮನೆ ನಡುವೆ ನಿಲ್ಲು," ಎಂದು ಎಂಜಿನ್ ಗದರಿತು.

ಮುಳ್ಳಿಗೆ ಮೈಯೆಲ್ಲ ಉರಿಯಿತು. "ನೀನು ಕುದಿಯುವಾಗ ತಣ್ಣಗಿದ್ದೀಯೆ ಎನ್ನಲೇ? ನಿನ್ನ ಬಿಸಿನೀರನ್ನು ತಣಿಯಲು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟನ್ನು ಕೇಳು, ಬಾಗಿಲು ಸರಿಯಾಗಿ ತೆರೆಯುತ್ತಿದೆಯೇ ಎಂದು!"

"ಕಾರು ಹುಟ್ಟಿದಂದಿನಿಂದ ಬಾಗಿಲು ಕಾದವನು ನಾನು. ಕಡ್ಡಿಯಷ್ಟಿರುವ ನೀನು ನನ್ನನ್ನು ಪ್ರಶ್ನಿಸುವುದೇ?" ಎಂದಿತು ತುಕ್ಕು ಹಿಡಿದ ಥರ್ಮೋಸ್ಟಾಟ್.

ಪೂಜಾರಿಯವರೂ ಮುಳ್ಳನ್ನೇ ದೂರಿದರು. "ಮೀಟರ್ ಕೆಟ್ಟಿದೆ," ಎಂದು ಅದರ ವೈರು ಕಿತ್ತರು.

"ಜ್ವರ ತೋರಿಸಿತೆಂದು ಥರ್ಮಾಮೀಟರ್ ಮುರಿಯುತ್ತಾರೆಯೇ?" ಎಂದು ಹೆಂಡತಿ ಸುಂದರಿ ಕೇಳಿದರು. ಪೂಜಾರಿಯವರು ಕೇಳಿಸಿಕೊಳ್ಳಲಿಲ್ಲ.

ಬಾಯಿ ಕಟ್ಟಿಸಿಕೊಂಡ ಮುಳ್ಳು ಕೆಳಗೆ ಬಿದ್ದುಕೊಂಡಿತು. ಕಾರು ಘಾಟಿ ಹತ್ತುವಾಗ ಥರ್ಮೋಸ್ಟಾಟಿನ ಬಾಗಿಲು ಪೂರ್ತಿ ಮುಚ್ಚಿ ಸಿಕ್ಕಿಕೊಂಡಿತು. ಎಂಜಿನ್ನಿಗೆ ಪ್ರಾಣಸಂಕಟವಾಯಿತು, ಮುಳ್ಳು ಅಲುಗಲಾರದೆ ಕುದಿಯಿತು. ಕಡೆಗೆ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಾಗಲೇ ಪೂಜಾರಿಯವರು ಗಾಬರಿಯಿಂದ ಕಾರು ನಿಲ್ಲಿಸಿದ್ದು.

ಗ್ಯಾರೇಜಿನಲ್ಲಿ ಹಳೆಯ ಥರ್ಮೋಸ್ಟಾಟನ್ನು ಕಿತ್ತೆಸೆದು ಹೊಸದನ್ನು ಕೂರಿಸಿದರು, ಮುಳ್ಳಿನ ವೈರನ್ನೂ ಜೋಡಿಸಿದರು. ಕಾರು ಮತ್ತೆ ಘಾಟಿ ಹತ್ತಿದಾಗ ಮುಳ್ಳು ನೆಟ್ಟಗೆ ನಡುವೆ ನಿಂತಿತು.

"ಭೇಷ್! ಅಂತೂ ನಿನಗೆ ಬುದ್ಧಿ ಬಂತು," ಎಂದು ಎಂಜಿನ್ ಹೊಗಳಿತು.

"ನಿನ್ನ ಹೊಗಳಿಕೆಗೆ ಬೆಂಕಿ ಬೀಳಲಿ! ಅಂದೂ ನಿನ್ನ ಬಿಸಿಯನ್ನೇ ಹೇಳಿದೆ, ಇಂದೂ ಅದನ್ನೇ ಹೇಳುತ್ತಿದ್ದೇನೆ," ಎಂದು ಮುಳ್ಳು ಸಿಡಿಯಿತು.

ಅಷ್ಟು ಸಿಟ್ಟಿನಲ್ಲೂ ಅದು ನಡುವಿನಿಂದ ಕೂದಲೆಳೆಯಷ್ಟೂ ಕದಲಲಿಲ್ಲ.