ಬಿಳಿ ಸಾಹೇಬನಿಗೆ ನಲವತ್ತು ಬಟ್ಟಲು ಕಾಫಿ

ಅರಬರ ಪುಟ್ಟ ನಾಡಿನ ದೊರೆ ಷೇಖ್ ಸುಹೇಲರಿಗೆ ಕಾಫಿ ಕೊಡ್ತಿದ್ದವನು ಈ ಭಟ್ಕಳದವನೇ, ನಾನೇ! ಒಂದು ದಿನ ಬ್ರಿಟಿಷ್ ಸಾಹೇಬ ಕಾಗದ ಹಿಡಿದು ಬಂದ. "ನಿಮ್ಮನ್ನು ಕಾಯೋರು ನಾವು. ಊರಿನ ಬಾವಿ ನಮಗೆ ಬರೆದುಕೊಡಿ" ಅಂದ. ಇದ್ದದ್ದೇ ಒಂದು ಸಿಹಿನೀರಿನ ಬಾವಿ.

ಅಲ್ಲಿ ಅತಿಥಿ ಬಟ್ಟಲು ಅಲ್ಲಾಡಿಸಿದರೆ ಮಾತ್ರ ಕಾಫಿ ಸಾಕು ಅಂತ ಅರ್ಥ. ಅಲ್ಲೀತನಕ ವ್ಯವಹಾರ ಎತ್ತೋ ಹಾಗಿಲ್ಲ. ಸಾಹೇಬನಿಗೆ ಅದು ಗೊತ್ತಿರಲಿಲ್ಲ. ನಾನು ಸುರಿದೆ ನೋಡಿ, ನಲವತ್ತು ಬಟ್ಟಲು!

"ಸಾಕಯ್ಯಾ!"

"ಬೇಡ ಅಂದರೆ ದೊರೆಗೆ ಅವಮಾನ, ಸಾಹೇಬರೇ."

ಹೊಟ್ಟೆ ಹಿಡಿದುಕೊಂಡು ದೋಣಿಗೆ ಓಡಿದ. ದೊರೆ ನಗಲಿಲ್ಲ. "ಒಂದು ದಿನ ಉಳಿಸಿದೆಯಪ್ಪಾ" ಅಂದರು.

ಮರುದಿನ ಸಾಹೇಬ ಬರಲಿಲ್ಲ. ಫಿರಂಗಿ ಹೊತ್ತ ಹಡಗು ಬಂತು. ದೊರೆ ನನ್ನ ಮುಖ ನೋಡಿದರು. ಹಡಗಿಗೆ ಏನು ಕುಡಿಸಲಿ ನಾನು? ಮಧ್ಯಾಹ್ನದೊಳಗೆ ಬಾವಿ ಅವರದಾಯಿತು.